ಮೊದಲು ಕೋರ್ಸಿನ ಮಾನ್ಯತೆ ಕೇಳಿ, ಆಮೇಲೆ ಫೀಸು ಕಟ್ಟಿ

ಸಂಪಾದಕರಿಗೆ ನಮಸ್ಕಾರ,

ಡಿಗ್ರಿ ರಿಸಲ್ಟ್ ಬರೋ ಟೈಮಾಯ್ತು ಅಂದ್ರೆ ಸಾಕು, ನಮ್ಮ ಚಿಂತಾಮಣಿ, ಶಿಡ್ಲಘಟ್ಟ, ಕೋಲಾರ ಕಡೆ ಕಾಂಪೌಂಡ್ ಗೋಡೆ, ಕರೆಂಟ್ ಕಂಬ, ಬಸ್ಸಿನ ಹಿಂದುಗಡೆ ಎಲ್ಲಾ ಫಾರಿನ್ ಎಜುಕೇಶನ್ ಜಾಹೀರಾತುಗಳೇ. ಸೈನ್ಸ್ ಓದಿದ ಮಕ್ಕಳಿಗೆ ಈಗ ಹೆಚ್ಚಾಗಿ ತೋರಿಸ್ತಿರೋದು ಯುಕೆ ಎಂಎಸ್ಸಿ ಬಯೋಮೆಡಿಕಲ್ ಸೈನ್ಸ್. ಒಂದೇ ವರ್ಷ, ಮುಗಿಸಿದ್ರೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಲ್ಯಾಬಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಕೆಲಸ ಅಂತ ಹೇಳ್ತಾರೆ. ಒಂದು ವರ್ಷದ ಕೋರ್ಸು ಅನ್ನೋದು ನಿಜ. ಆದ್ರೆ ಅದಾದ್ಮೇಲೆ ಕೆಲಸ ಅನ್ನೋ ಮಾತಿನ ಮಧ್ಯೆ ಒಂದು ದೊಡ್ಡ ಹಳ್ಳ ಇದೆ, ಅದನ್ನ ಯಾರೂ ಹೇಳಲ್ಲ. ನಾನು ಡಿಎಂಎಲ್‌ಟಿ, ಅಂದ್ರೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ ಮಾಡಿ, ಆಮೇಲೆ ಅದರದ್ದೇ ಡಿಗ್ರಿ ಬಿಎಸ್ಸಿ ಎಂಎಲ್‌ಟಿ ಮಾಡ್ಕೊಂಡು ಇದೇ ಜಿಲ್ಲೇಲಿ ಲ್ಯಾಬ್ ಕೆಲಸ ಮಾಡ್ತಿರೋನು, ನಮ್ಮ ಅಕ್ಕನ ಮಗಳು ಈಗ ಆ ಹಳ್ಳದಲ್ಲೇ ನಿಂತಿದ್ದಾಳೆ, ಅದಕ್ಕೇ ಈ ಪತ್ರ.

ಯುಕೆಯಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಅನ್ನೋದು ಯಾರು ಬೇಕಾದ್ರೂ ಹಾಕ್ಕೊಳ್ಳೋ ಹೆಸರಲ್ಲ. ಅದಕ್ಕೆ ಕಾನೂನಿನ ರಕ್ಷಣೆ ಇದೆ. ಎಚ್‌ಸಿಪಿಸಿ ಅಂತ ಒಂದು ಕೌನ್ಸಿಲ್ ಇದೆ, ಫಿಸಿಯೋಥೆರಪಿಸ್ಟು, ರೇಡಿಯೋಗ್ರಾಫರು, ಪ್ಯಾರಾಮೆಡಿಕ್ ಎಲ್ಲಾ ಸೇರಿ 15 ವೃತ್ತಿಗಳನ್ನ ಅದೇ ನೋಡ್ಕೊಳ್ಳುತ್ತೆ, ಆ ರಿಜಿಸ್ಟರಲ್ಲಿ ಹೆಸರಿಲ್ದೆ ನಾನು ಬಯೋಮೆಡಿಕಲ್ ಸೈಂಟಿಸ್ಟ್ ಅಂತ ಹೇಳ್ಕೊಂಡ್ರೆ ಅಪರಾಧ. ನಮ್ಮಲ್ಲಿ ಮೆಡಿಕಲ್ ಕೌನ್ಸಿಲ್ ನಂಬರ್ ಇಲ್ದೆ ಡಾಕ್ಟರ್ ಬೋರ್ಡ್ ಹಾಕೋ ಹಾಗಿಲ್ವಲ್ಲ, ಅದೇ ಲೆಕ್ಕ. ಜೊತೆಗೆ ಐಬಿಎಂಎಸ್ ಅಂತ ಇನ್ನೊಂದು ಸಂಸ್ಥೆ, ಇದು ಲ್ಯಾಬ್ ಕೆಲಸದೋರದ್ದೇ ವೃತ್ತಿಸಂಘ, 1912ರಿಂದ ಇದೆ. ಯಾವ ಡಿಗ್ರಿಗೆ ಮಾನ್ಯತೆ ಅಂತ ಲಿಸ್ಟ್ ಇಟ್ಕೊಂಡಿರೋದು ಇವರು. ಇವರ ಮಾನ್ಯತೆ ಇರೋ ಬಿಎಸ್ಸಿ ಆನರ್ಸ್ ಮಾಡಿ, ಇವರೇ ಒಪ್ಪಿರೋ ಟ್ರೈನಿಂಗ್ ಲ್ಯಾಬಲ್ಲಿ ಪೋರ್ಟ್‌ಫೋಲಿಯೋ, ಅಂದ್ರೆ ಕಲಿತ ಕೆಲಸಕ್ಕೆಲ್ಲಾ ಸಾಕ್ಷಿ ಸೇರಿಸಿದ ದಾಖಲೆ, ಮುಗಿಸಿ, ಹೊರಗಿನಿಂದ ಒಬ್ಬರು ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸ್ ಕೊಟ್ಟ ಮೇಲೆ ಎಚ್‌ಸಿಪಿಸಿಗೆ ಅರ್ಜಿ. ಡಿಗ್ರಿ ಜೊತೆಗೇ ಆಸ್ಪತ್ರೆ ಟ್ರೈನಿಂಗೂ ಸೇರಿರೋ ಅಪ್ಲೈಡ್ ಬಯೋಮೆಡಿಕಲ್ ಸೈನ್ಸ್, ಹೆಲ್ತ್‌ಕೇರ್ ಸೈನ್ಸ್ ಥರದ ಕೋರ್ಸುಗಳೂ ಇವೆ, ಅವನ್ನ ಎಚ್‌ಸಿಪಿಸಿಯೇ ನೇರವಾಗಿ ಒಪ್ಪಿರುತ್ತೆ, ಮುಗಿಸಿದೋರು ಸೀದಾ ರಿಜಿಸ್ಟರ್ ಆಗ್ತಾರೆ.

ಇಲ್ಲಿ ಒಂದು ವಿಷಯ ಚೆನ್ನಾಗಿ ನೋಡ್ಕೋಬೇಕು. ಮೇಲೆ ಹೇಳಿದ್ದು ಬಿಎಸ್ಸಿ ವಿಷಯ, ಎಂಎಸ್ಸಿದಲ್ಲ. ಐಬಿಎಂಎಸ್‌ನೋರು ಕೆಲವು ಎಂಎಸ್ಸಿ ಕೋರ್ಸುಗಳಿಗೂ ಮಾನ್ಯತೆ ಕೊಡ್ತಾರೆ, ಯೂನಿವರ್ಸಿಟಿ ಬ್ರೋಷರಲ್ಲಿ ಅವರ ಲೋಗೋ ದೊಡ್ಡದಾಗೇ ಇರುತ್ತೆ, ಸುಳ್ಳೇನಲ್ಲ. ಆದ್ರೆ ಆ ಮಾನ್ಯತೆ ಲ್ಯಾಬ್ ವೃತ್ತೀಲಿರೋರು ಮುಂದೆ ಓದಿ ಮೇಲಕ್ಕೆ ಹೋಗೋಕೆ ಅನುಕೂಲ ಆಗ್ಲಿ ಅಂತ. ಆ ಎಂಎಸ್ಸಿ ಒಂದನ್ನೇ ಹಿಡ್ಕೊಂಡು ಹೋದ್ರೆ ರಿಜಿಸ್ಟ್ರೇಶನ್ ಅರ್ಹತೆ ಬರಲ್ಲ. ಕನ್ಸಲ್ಟೆನ್ಸಿ ಹುಡುಗ ಲೋಗೋ ಮೇಲೆ ಬೆರಳಿಟ್ಟು ನೋಡಿ ಅಂಕಲ್ ಅಕ್ರೆಡಿಟೆಡ್ ಕೋರ್ಸು ಅಂದ್ರೆ ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಯೂನಿಟ್ ನಡೆಸೋ ಅಪ್ಪ ಏನು ತಾನೇ ಕೇಳಬಲ್ಲ. ನಮ್ಮ ಭಾವ ಹೌದು ಅಂತ ತಲೆ ಆಡಿಸಿದ್ರು, ಮನೆ ಪತ್ರ ಬ್ಯಾಂಕಿಗೆ ಹೋಯ್ತು. ಲ್ಯಾಬಲ್ಲಿ ಕೆಲಸ ಮಾಡೋ ಭಾಮೈದ ಒಬ್ಬ ಪಕ್ಕದ ತಾಲ್ಲೂಕಲ್ಲೇ ಇದ್ದಾನೆ, ಅವನನ್ನ ಒಂದು ಮಾತು ಕೇಳೋಣ ಅಂತ ಮನೇಲಿ ಯಾರಿಗೂ ಅನ್ನಿಸಲಿಲ್ಲ, ರಕ್ತ ತೆಗೆಯೋನಿಗೆ ಫಾರಿನ್ ವಿಷಯ ಏನ್ ಗೊತ್ತಿರುತ್ತೆ ಅನ್ಕೊಂಡ್ರೋ ಏನೋ.

ಹುಡುಗಿ ಇಲ್ಲಿ ಓದಿದ್ದು ಬಿಎಸ್ಸಿ, ಬಯೋಟೆಕ್ನಾಲಜಿ ಮೈಕ್ರೋಬಯಾಲಜಿ ಕೆಮಿಸ್ಟ್ರಿ ಕಾಂಬಿನೇಶನ್ನು, ಬುದ್ಧಿವಂತೆ, ಮಾರ್ಕ್ಸಲ್ಲಿ ಯಾವತ್ತೂ ಹಿಂದೆ ಬಿದ್ದೋಳಲ್ಲ. ಯುಕೆಗೆ ಹೋಗಿ ಎಂಎಸ್ಸಿನೂ ಡಿಸ್ಟಿಂಕ್ಷನ್ನಲ್ಲೇ ಮುಗಿಸಿದ್ಳು. ಬಯೋಮೆಡಿಕಲ್ ಸೈಂಟಿಸ್ಟ್ ಪೋಸ್ಟಿಗೆ ಅರ್ಜಿ ಹಾಕ್ತಾ ಹೋದ್ರೆ ಎಲ್ಲಾ ಕಡೆ ಫಾರಂನಲ್ಲಿ ಎಚ್‌ಸಿಪಿಸಿ ನಂಬರ್ ಹಾಕೋ ಜಾಗ, ಅದು ಖಾಲಿ ಬಿಟ್ರೆ ಅರ್ಜಿ ಅಲ್ಲೇ ಬಿದ್ದೋಗುತ್ತೆ. ಆಮೇಲೆ ಯಾರೋ ಹೇಳಿದ್ರು ಅಂತ ಐಬಿಎಂಎಸ್‌ಗೆ ಡಿಗ್ರಿ ಅಸೆಸ್‌ಮೆಂಟ್‌ಗೆ ಹಾಕಿದ್ಳು. ಅಂದ್ರೆ ಮಾನ್ಯತೆ ಇಲ್ಲದ ಡಿಗ್ರಿ ಇರೋರ ಪೇಪರ್ ಎಲ್ಲಾ ಇಟ್ಕೊಂಡು, ಮಾನ್ಯತೆ ಇರೋ ಡಿಗ್ರೀಲಿ ಏನೇನು ಇರಬೇಕೋ ಅದರ ಜೊತೆ ಹೋಲಿಸಿ, ನಿಂಗೆ ಇಷ್ಟಿಷ್ಟು ಸಬ್ಜೆಕ್ಟ್ ಕಮ್ಮಿ ಇದೆ, ಇವನ್ನ ಯೂನಿವರ್ಸಿಟೀಲಿ ಮಾಡ್ಯೂಲ್ ಆಗಿ ಓದ್ಕೊಂಡು ಬಾ ಅಂತ ಕಾಗದ ಕೊಡ್ತಾರೆ. ಇವಳಿಗೆ ಬಂದ ಕಾಗದ ನಂಗೆ ವಾಟ್ಸಾಪಲ್ಲಿ ಕಳಿಸಿದ್ಳು. ರಕ್ತದ ಕಾಯಿಲೆ ನೋಡೋ ಹೆಮಟಾಲಜಿ, ರಕ್ತ ಕೊಡೋ ವಿಷಯದ ಟ್ರಾನ್ಸ್‌ಫ್ಯೂಷನ್ ಸೈನ್ಸ್, ರಕ್ತದಲ್ಲಿರೋ ರಾಸಾಯನಿಕ ಅಳೆಯೋ ಕ್ಲಿನಿಕಲ್ ಬಯೋಕೆಮಿಸ್ಟ್ರಿ, ಜೀವಕೋಶ ಪರೀಕ್ಷೆ ಮಾಡೋ ಸೆಲ್ಯುಲಾರ್ ಪೆಥಾಲಜಿ. ನಾನು ಓದಿ ನಕ್ಕುಬಿಟ್ಟೆ, ಪಾಪ ಅವಳು ಅಳ್ತಿದ್ಳು. ಯಾಕೆ ನಗು ಬಂತು ಅಂದ್ರೆ ಆ ಲಿಸ್ಟ್ ಅಂದ್ರೆ ನಮ್ಮ ಎಂಎಲ್‌ಟಿ ಟೈಮ್‌ಟೇಬಲ್ ಸಾರ್! ನಮ್ಮೂರಲ್ಲಿ ಪಿಯುಸೀಲಿ ಮಾರ್ಕ್ಸ್ ಕಮ್ಮಿ ಬಂದೋರು ಹೋಗೋ ಕೋರ್ಸು ಅಂತ ಮೂಗು ಮುರೀತಾರಲ್ಲ, ಅದೇ.

ಈ ಹಟ ಯಾಕೆ, ಇದು ಬರೀ ಫೀಸು ಕೀಳೋ ದಾರಿ ಅಂತ ಅವಳ ಜೊತೆ ಹುಡುಗರು ಬೈಕೊಳ್ತಾರಂತೆ. ನಾನು ಒಪ್ಪಲ್ಲ. ಒಂದು ಉದಾಹರಣೆ ಹೇಳ್ತೀನಿ. ರಕ್ತ ತೆಗೆಯೋ ಟ್ಯೂಬಿಗೆ ಬೇರೆ ಬೇರೆ ಬಣ್ಣದ ಮುಚ್ಚಳ ಇರೋದು ಎಲ್ರೂ ನೋಡಿರ್ತೀರ. ನೇರಳೆ ಮುಚ್ಚಳದ್ದು ಸಿಬಿಸಿಗೆ, ಅಂದ್ರೆ ರಕ್ತಕಣ ಎಣಿಸೋ ಪರೀಕ್ಷೆಗೆ, ಅದರೊಳಗೆ ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ ಪೊಟ್ಯಾಶಿಯಂ ಇಡಿಟಿಎ ಹಾಕಿರ್ತಾರೆ. ವಾರ್ಡಲ್ಲಿ ಯಾರೋ ಅವಸರದಲ್ಲಿ, ಪೊಟ್ಯಾಶಿಯಂ ಕ್ಯಾಲ್ಶಿಯಂ ನೋಡೋ ಕೆಂಪು ಮುಚ್ಚಳದ ಟ್ಯೂಬಲ್ಲಿ ರಕ್ತ ಸಾಲಲಿಲ್ಲ ಅಂತ ನೇರಳೆದರಿಂದ ಸ್ವಲ್ಪ ಸುರಿದುಬಿಟ್ರು ಅನ್ಕೊಳ್ಳಿ. ನೋಡೋಕೆ ರಕ್ತ ರಕ್ತದ ಥರಾನೇ ಇರುತ್ತೆ. ಮಷೀನಿಗೆ ಹಾಕಿದ್ರೆ ಪೊಟ್ಯಾಶಿಯಂ 11, 12 ಅಂತ ಬರುತ್ತೆ, ಮನುಷ್ಯನಿಗೆ ಇರಬೇಕಾಗಿದ್ದು 3.5ರಿಂದ 5. ಅದೇ ಸ್ಯಾಂಪಲ್ಲಲ್ಲಿ ಕ್ಯಾಲ್ಶಿಯಂ ಪಾತಾಳಕ್ಕೆ ಹೋಗಿರುತ್ತೆ, ಯಾಕಂದ್ರೆ ಇಡಿಟಿಎ ಕ್ಯಾಲ್ಶಿಯಂನ ಹಿಡಿದು ಕಟ್ಟಿಹಾಕುತ್ತೆ, ಅದಿಲ್ದೆ ಹೆಪ್ಪುಗಟ್ಟಲ್ಲ, ಅದರ ಕೆಲಸಾನೇ ಅದು. ಮಷೀನಿಗೆ ಇದೆಲ್ಲಾ ಗೊತ್ತಾಗಲ್ಲ, ನಂಬರ್ ಕೊಟ್ಟು ಸುಮ್ನಾಗುತ್ತೆ. ಎರಡೂ ರಿಸಲ್ಟ್ ಒಟ್ಟಿಗೆ ನೋಡಿ, ಈ ಪೇಷಂಟ್ ಬೆಡ್ ಮೇಲೆ ಕೂತ್ಕೊಂಡು ಕಾಫಿ ಕುಡೀತಿದ್ದಾನೆ, ಈ ನಂಬರ್ ನಿಜ ಆಗಿದ್ರೆ ಅವನು ಬದುಕಿರೋದೇ ಕಷ್ಟ, ಇದು ಟ್ಯೂಬಿನ ಎಡವಟ್ಟು, ಇನ್ನೊಂದ್ಸಲ ಸ್ಯಾಂಪಲ್ ತೆಗೀರಿ ಅಂತ ವಾರ್ಡಿಗೆ ಫೋನ್ ಮಾಡೋನು ಬೇಕು. ಮಾಡ್ಲಿಲ್ಲ ಅಂದ್ರೆ ಪೊಟ್ಯಾಶಿಯಂ ಇಳಿಸೋಕೆ ಇಂಜೆಕ್ಷನ್ ಶುರುವಾಗುತ್ತೆ, ಇಲ್ಲದ ಕಾಯಿಲೆಗೆ. ಬಯೋಟೆಕ್ ಓದಿದ ಹುಡುಗಿಗೆ ಡಿಎನ್‌ಎ ಕತ್ತರಿಸೋಕೆ ಬರುತ್ತೆ, ಪಿಸಿಆರ್ ನನಗಿಂತ ಚೆನ್ನಾಗಿ ಬರುತ್ತೆ, ಆದ್ರೆ ಇದನ್ನ ಯಾರೂ ಹೇಳಿಕೊಟ್ಟಿರಲ್ಲ. ರಕ್ತ ಹೊಂದಾಣಿಕೆ ನೋಡೋ ಕಡೆ ಅಂತೂ ಕೇಳೋದೇ ಬೇಡ, ಗ್ರೂಪ್ ತಪ್ಪಿದ್ರೆ ಜೀವಾನೇ ಹೋಗುತ್ತೆ. ಯುಕೆಯಲ್ಲಿ ದಿನನಿತ್ಯದ ಎಷ್ಟೋ ರಿಪೋರ್ಟುಗಳನ್ನ ನೋಡಿ ಬಿಡುಗಡೆ ಮಾಡೋ ಅಧಿಕಾರ ಈ ಬಯೋಮೆಡಿಕಲ್ ಸೈಂಟಿಸ್ಟ್ ಕೈಲೇ ಇರುತ್ತೆ, ಅದಕ್ಕೇ ಅಷ್ಟು ಬಿಗಿ. ನಮ್ಮ ತಾಲ್ಲೂಕುಗಳಲ್ಲಿ ಕೆಲವು ಲ್ಯಾಬ್‌ಗಳಲ್ಲಿ ಯಾರು ಮಷೀನ್ ಮುಂದೆ ಕೂತಿರ್ತಾರೆ ಅನ್ನೋದನ್ನ ಬರೆದ್ರೆ ಬೇರೆ ಪತ್ರಾನೇ ಆಗುತ್ತೆ, ಬಿಡಿ.

ಹಾಗಾಗಿ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ಫೀಸು ಕಟ್ಟೋಕೆ ಮುಂಚೆ ಇದನ್ನ ಹೇಳದೆ ಇರೋರ ಮೇಲೆ.

ಈಗಾಗ್ಲೇ ಹೋಗಿ ಸಿಕ್ಕಾಕ್ಕೊಂಡಿರೋರಿಗೆ ದಾರಿ ಮುಚ್ಚಿಲ್ಲ, ಆದ್ರೆ ಉದ್ದ ಇದೆ. ಕಾಗದದಲ್ಲಿ ಹೇಳಿರೋ ಮಾಡ್ಯೂಲುಗಳನ್ನ ಒಂದೊಂದಾಗಿ ಪಾರ್ಟ್‌ಟೈಮ್ ಓದಬಹುದು, ಎಂಎಸ್ಸೀಲಿ ಓದಿದ್ದು ಸ್ವಲ್ಪ ಲೆಕ್ಕಕ್ಕೆ ಬಂದ್ರೆ ಭಾರ ಕಮ್ಮಿ ಆಗುತ್ತೆ. ಅದು ಮುಗಿದ್ರೂ ಅರ್ಧ ದಾರಿ ಅಷ್ಟೇ. ಟ್ರೈನಿಂಗ್ ಪೋರ್ಟ್‌ಫೋಲಿಯೋ ಮನೇಲಿ ಕೂತು ಬರೆಯೋ ಪುಸ್ತಕ ಅಲ್ಲ, ಒಪ್ಪಿಗೆ ಇರೋ ಲ್ಯಾಬ್ ಒಳಗೆ ಕೆಲಸ ಮಾಡ್ತಾ, ಪ್ರತಿಯೊಂದು ಕೌಶಲಕ್ಕೂ ಸಾಕ್ಷಿ ಸೇರಿಸ್ತಾ, ಹೆಚ್ಚುಕಮ್ಮಿ ಒಂದು ವರ್ಷ ಆಗುತ್ತೆ. ಆ ಟ್ರೈನಿ ಸೀಟು ಸಿಗೋದೇ ಕಷ್ಟ, ಯಾಕಂದ್ರೆ ಪಕ್ಕದಲ್ಲಿ ನಿಂತು ಕಲಿಸೋ ಸೀನಿಯರ್ರಿಗೆ ಪುರುಸೊತ್ತಿರಬೇಕಲ್ಲ, ಲ್ಯಾಬ್‌ನೋರು ಎಲ್ರನ್ನೂ ತಗೊಳ್ಳೋಕಾಗಲ್ಲ. ಅದಕ್ಕೆ ಸುಮಾರು ಜನ ಮೊದಲು ಮೆಡಿಕಲ್ ಲ್ಯಾಬೊರೇಟರಿ ಅಸಿಸ್ಟೆಂಟ್ ಆಗಿ ಸೇರ್ಕೊಳ್ತಾರೆ, ಅಲ್ಲಿನ ಸಂಬಳದ ಶ್ರೇಣೀಲಿ ಅದು ಬ್ಯಾಂಡ್ 2, ಬ್ಯಾಂಡ್ 3, ರಿಜಿಸ್ಟರ್ ಆದ ಬಯೋಮೆಡಿಕಲ್ ಸೈಂಟಿಸ್ಟ್ ಶುರುವಾಗೋದು ಬ್ಯಾಂಡ್ 5ರಿಂದ. ನಮ್ಮ ಹುಡುಗೀನೂ ಈಗ ಅದೇ ಮಾಡ್ತಿರೋದು. ಸ್ಯಾಂಪಲ್ ಇಳಿಸ್ಕೊಳ್ಳೋದು, ಫಾರಂ ಮೇಲಿನ ಹೆಸರು ಹುಟ್ಟಿದ ತಾರೀಕು ಟ್ಯೂಬಿನ ಮೇಲಿನದಕ್ಕೆ ತಾಳೆ ನೋಡೋದು, ಬಾರ್‌ಕೋಡ್ ಅಂಟಿಸೋದು, ಸೆಂಟ್ರಿಫ್ಯೂಜಲ್ಲಿ ತಿರುಗಿಸೋದು. ಇಷ್ಟು ಸಾಲ ಮಾಡಿ ಚೀಟಿ ಅಂಟಿಸೋಕೆ ಹೋದ್ಳಾ ಅಂತ ಅಕ್ಕ ಹಣೆ ಚಚ್ಕೊಳ್ತಾಳೆ, ನಾನು ಮಾತ್ರ ಅದು ಒಳ್ಳೇ ಜಾಗ ಅಂತಾನೇ ಹೇಳ್ತೀನಿ, ಲ್ಯಾಬಲ್ಲಿ ಆಗೋ ಎಡವಟ್ಟುಗಳಲ್ಲಿ ಸುಮಾರು ಸಿಕ್ಕಿಬೀಳೋದು ಆ ಟೇಬಲ್ ಹತ್ರಾನೇ, ಮತ್ತೆ ಟ್ರೈನಿ ಪೋಸ್ಟ್ ಬಂದಾಗ ಮ್ಯಾನೇಜರ್ ಕಣ್ಣಿಗೆ ಮೊದಲು ಬೀಳೋದು ಒಳಗೇ ಇರೋ ಹುಡುಗಿ.

ಆದ್ರೆ ವೀಸಾ ಕಾಯಲ್ಲ. ಓದು ಮುಗಿಸಿದೋರಿಗೆ ಕೆಲಸ ಹುಡುಕೋಕೆ ಅಂತ ಕೊಡೋ ಗ್ರಾಜುಯೇಟ್ ವೀಸಾ ಇಷ್ಟು ದಿನ 2 ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕೋ ಎಂಎಸ್ಸಿಯೋರಿಗೆ 18 ತಿಂಗಳು ಅಂತ ಇಳಿಸಿದ್ದಾರೆ. ಮಾಡ್ಯೂಲು ಓದಿ, ಟ್ರೈನಿ ಸೀಟಿಗೆ ಕಾದು, ಪೋರ್ಟ್‌ಫೋಲಿಯೋ ಮುಗಿಸೋಕೆ 18 ತಿಂಗಳು ಎಲ್ಲಿ ಸಾಕಾಗುತ್ತೆ ನೀವೇ ಲೆಕ್ಕ ಹಾಕಿ. ಅಲ್ಲಿಯೋರಿಗೆ ಈ ಉದ್ದದ ದಾರಿ ಬರೀ ಬೇಜಾರು, ನಮ್ಮ ಮಕ್ಕಳಿಗೆ ಅತ್ತ ದರಿ ಇತ್ತ ಪುಲಿ.

ಇನ್ನೊಂದು ಬಾಗಿಲಿದೆ, ಅದನ್ನ ನಮ್ಮ ಕಡೆ ಯಾರೂ ಹೇಳಲ್ಲ, ಹೇಳಿದ್ರೆ ಕಮಿಷನ್ ಬರಲ್ಲವಲ್ಲ. ಎಚ್‌ಸಿಪಿಸಿಗೆ ಹೊರದೇಶದಲ್ಲಿ ಈ ವೃತ್ತಿ ಕಲಿತೋರು ನೇರವಾಗಿ ಅರ್ಜಿ ಹಾಕೋ ಇಂಟರ್‌ನ್ಯಾಷನಲ್ ರೂಟ್ ಇದೆ. ಇಲ್ಲೇ ಲ್ಯಾಬ್ ಟೆಕ್ನಾಲಜಿ ಓದಿ, ಇಲ್ಲೇ ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡಿದೋರು ತಾವು ಓದಿದ ಕೋರ್ಸಿನ ವಿವರ, ಕೆಲಸದ ಅನುಭವ ಎರಡೂ ಕೊಡಬೇಕು, ಅವರು ತಮ್ಮ ಮಾನದಂಡದ ಪಕ್ಕದಲ್ಲಿ ಇಟ್ಟು ನೋಡ್ತಾರೆ, ಓದಲ್ಲಿ ಕೊರತೆ ಇದ್ರೆ ಅನುಭವ ಅದನ್ನ ತುಂಬುತ್ತಾ ಅಂತಾನೂ ನೋಡ್ತಾರೆ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಆದ್ರೆ ಒಟ್ಟು 7 ಬರಬೇಕು, ಯಾವ ಭಾಗದಲ್ಲೂ 6.5ಕ್ಕೆ ಕಮ್ಮಿ ಇರಬಾರದು. ಸುಲಭ ಅಂತ ನಾನು ಹೇಳ್ತಿಲ್ಲ, ಆದ್ರೆ ರಾಜೀವ್ ಗಾಂಧಿ ಆರೋಗ್ಯ ವಿವಿ ಬಿಎಸ್ಸಿ ಎಂಎಲ್‌ಟಿ ಮಾಡಿ, ಇಂಟರ್ನ್‌ಶಿಪ್ ಮುಗಿಸಿ, ಕೋಲಾರದ ಟಮಕದಲ್ಲೋ ತುಮಕೂರಲ್ಲೋ ಬೆಂಗಳೂರಲ್ಲೋ ದೊಡ್ಡ ಆಸ್ಪತ್ರೆ ಲ್ಯಾಬಲ್ಲಿ ಒಂದಷ್ಟು ವರ್ಷ ಹೆಮಟಾಲಜಿ, ಬಯೋಕೆಮಿಸ್ಟ್ರಿ, ಬ್ಲಡ್ ಬ್ಯಾಂಕ್ ಎಲ್ಲಾ ಕಡೆ ಕೈ ಆಡಿಸಿದ ಹುಡುಗ, ಬಯೋಟೆಕ್ ಮೇಲೆ ಲಕ್ಷಗಟ್ಲೆ ಸಾಲದ ಎಂಎಸ್ಸಿ ಮಾಡಿದೋರಿಗಿಂತ ಆ ರಿಜಿಸ್ಟರಿಗೆ ಹತ್ತಿರ ಇರ್ತಾನೆ, ಇದು ನನ್ನ ಅಭಿಪ್ರಾಯ. ಇಲ್ಲಿದ್ದಾಗಲೇ ಅರ್ಜಿ ಹಾಕಬಹುದು, ಸಾಲ ಮಾಡಿ ಮೊದಲು ವಿಮಾನ ಹತ್ತೋ ಅಗತ್ಯ ಇಲ್ಲ.

ಕೋವಿಡ್ ಟೈಮಲ್ಲಿ ಒಂದು ಭ್ರಮೆ ಹುಟ್ಟಿದ್ದೂ ನಮ್ಮ ಮಕ್ಕಳು ಹೀಗೆ ಹೋಗಿ ಸಿಕ್ಕಾಕ್ಕೊಳ್ಳೋಕೆ ಕಾರಣ ಅನ್ಸುತ್ತೆ. ಆಗ ಆರ್‌ಟಿ-ಪಿಸಿಆರ್ ಲ್ಯಾಬ್‌ಗಳಿಗೆ ಬಯೋಟೆಕ್ ಮೈಕ್ರೋಬಯಾಲಜಿ ಮಾಡಿದೋರನ್ನ ಕಾಂಟ್ರಾಕ್ಟ್ ಮೇಲೆ ತಗೊಂಡ್ರು, ಅವರು ಹಗಲು ರಾತ್ರಿ ಕೆಲಸಾನೂ ಮಾಡಿದ್ರು, ಅವರಿಗೆ ಕೈಮುಗೀಬೇಕು. ಆದ್ರೆ ಅದನ್ನ ನೋಡಿ ಯಾವ ಲೈಫ್ ಸೈನ್ಸ್ ಓದಿದ್ರೂ ಆಸ್ಪತ್ರೆ ಲ್ಯಾಬ್ ಸಿಗುತ್ತೆ ಅನ್ನೋ ನಂಬಿಕೆ ಬಂದ್ಬಿಡ್ತು. ಕಾಂಟ್ರಾಕ್ಟ್ ಮುಗೀತು, ನಂಬಿಕೆ ಉಳ್ಕೊಳ್ತು. ನಮ್ಮ ದೇಶದಲ್ಲೂ 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ಅಂತಾನೇ ಕೇಂದ್ರದ ಕಾಯ್ದೆ ಬಂದಿದೆ, ಮೆಡಿಕಲ್ ಲ್ಯಾಬ್ ಕೆಲಸದೋರೂ ಅದರೊಳಗೆ ಬರ್ತಾರೆ, ರಾಜ್ಯದ ಕೌನ್ಸಿಲ್ಲಲ್ಲಿ ರಿಜಿಸ್ಟರ್ ಆಗಬೇಕು ಅಂತಿದೆ. ಹಾಗಾಗಿ ಮಾನ್ಯತೆ ಪ್ರಶ್ನೆ ಬರೀ ಲಂಡನ್ನಿಂದಲ್ಲ, ನಾಳೆ ಕೋಲಾರದಲ್ಲೂ ಕೇಳ್ತಾರೆ.

ಹೋಗೋ ಮಕ್ಕಳಿಗೆ ಒಂದು ಮಾತು. ಬಾಯಲ್ಲಿ ಹೇಳಿದ್ದನ್ನ ನಂಬಬೇಡಿ. ಐಬಿಎಂಎಸ್ ವೆಬ್‌ಸೈಟಲ್ಲಿ ಮಾನ್ಯತೆ ಇರೋ ಡಿಗ್ರಿಗಳ ಪಟ್ಟಿ ಇದೆ, ಎಚ್‌ಸಿಪಿಸಿ ವೆಬ್‌ಸೈಟಲ್ಲಿ ಅವರು ಒಪ್ಪಿದ ಕೋರ್ಸುಗಳ ಪಟ್ಟಿ ಇದೆ, ಎರಡೂ ಯಾರು ಬೇಕಾದ್ರೂ ನೋಡಬಹುದು. ಆಮೇಲೆ ಯೂನಿವರ್ಸಿಟಿ ಅಡ್ಮಿಷನ್ ಆಫೀಸಿಗೇ ಇಮೇಲ್ ಹಾಕಿ, ನನ್ನ ಬಿಎಸ್ಸಿ ಇಂಥದ್ದು, ನಿಮ್ಮ ಎಂಎಸ್ಸಿ ಮುಗಿಸಿದ್ರೆ ನಾನು ಬಯೋಮೆಡಿಕಲ್ ಸೈಂಟಿಸ್ಟ್ ಆಗಿ ಎಚ್‌ಸಿಪಿಸಿ ರಿಜಿಸ್ಟ್ರೇಶನ್‌ಗೆ ಅರ್ಹ ಆಗ್ತೀನಾ ಇಲ್ವಾ ಅಂತ ನೇರವಾಗಿ ಕೇಳಿ, ಉತ್ತರ ಬರವಣಿಗೇಲಿ ತಗೊಳ್ಳಿ. ರಿಸರ್ಚು, ಫಾರ್ಮಾ, ಪಿಎಚ್‌ಡಿ ಕಡೆ ಹೋಗೋರಿಗೆ ಆ ಎಂಎಸ್ಸಿ ಒಳ್ಳೇದೇ ಇರಬಹುದು, ಅವರಿಗೆ ಈ ರಿಜಿಸ್ಟರ್ ಬೇಕಾಗೂ ಇಲ್ಲ. ಆಸ್ಪತ್ರೆ ಲ್ಯಾಬ್ ಆಸೆ ಇಟ್ಕೊಂಡೋರು ಮಾತ್ರ ಕೇಳದೆ ದುಡ್ಡು ಕಟ್ಟಬೇಡಿ.

ಇನ್ನೊಂದು, ಡಿಗ್ರಿ ಅಸೆಸ್‌ಮೆಂಟ್ ಇರ್ಲಿ ಇಂಟರ್‌ನ್ಯಾಷನಲ್ ರೂಟ್ ಇರ್ಲಿ, ಬರೀ ಮಾರ್ಕ್ಸ್ ಕಾರ್ಡ್ ಸಾಕಾಗಲ್ಲ, ನೀವು ಓದಿದ ವರ್ಷದ ಸಿಲಬಸ್ಸು, ಯಾವ ಪೇಪರಲ್ಲಿ ಏನಿತ್ತು ಅನ್ನೋ ವಿವರ ಬೇಕಾಗುತ್ತೆ. ನಮ್ಮಲ್ಲಿ ಇದೇ ದೊಡ್ಡ ತಲೆನೋವು. ಕೋಲಾರ ಚಿಕ್ಕಬಳ್ಳಾಪುರದ ಹಳೇ ಬ್ಯಾಚಿನೋರು ಓದಿದ್ದು ಬೆಂಗಳೂರು ವಿವಿ ಕೆಳಗೆ, ಆಮೇಲಿನೋರು ಬೆಂಗಳೂರು ಉತ್ತರ ವಿವಿ ಕೆಳಗೆ. ಅದರ ಮೇಲೆ 2021ರಲ್ಲಿ ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಆನರ್ಸ್ ಅಂದ್ರು, 2024ರಲ್ಲಿ ರಾಜ್ಯ ಸರ್ಕಾರ ವಾಪಸ್ ಮೂರು ವರ್ಷಕ್ಕೆ ತಂತು, ಒಂದೇ ಕಾಲೇಜಲ್ಲಿ ಅಣ್ಣ ಓದಿದ ಸ್ಕೀಮ್ ಬೇರೆ ತಮ್ಮ ಓದಿದ ಸ್ಕೀಮ್ ಬೇರೆ. ಅಲ್ಲಿಯೋರಿಗೆ ಇದನ್ನ ಯಾರು ಬಿಡಿಸಿ ಹೇಳಬೇಕು. ನಮ್ಮ ಭಾವ ರೇಷ್ಮೆ ಗೂಡಿನ ಮಾರ್ಕೆಟ್ ಮುಗಿಸ್ಕೊಂಡು ಮಧ್ಯಾಹ್ನದ ಮೇಲೆ ಮಗಳ ಸಿಲಬಸ್ ಕಾಪಿಗೆ ಸೀಲ್ ಹಾಕಿಸೋಕೆ ಆಫೀಸಿಂದ ಆಫೀಸಿಗೆ ಅಲೆದ್ರು, ಕೊನೆಗೆ ಅವಳ ಹಳೇ ಲೆಕ್ಚರರ್ ಒಬ್ಬರು ತಮ್ಮ ಬೀರುವಿನಲ್ಲಿದ್ದ ಪುಸ್ತಕ ಕೊಟ್ಟು ಪ್ರಿನ್ಸಿಪಾಲರ ಹತ್ರ ಸಹಿ ಮಾಡಿಸಿದ್ರು. ಅಂಥ ಲೆಕ್ಚರರ್ ಎಲ್ರಿಗೂ ಸಿಗಲ್ಲ. ಈಗ ಓದ್ತಿರೋ ಮಕ್ಕಳು ಕಾಲೇಜ್ ಬಿಡೋಕೆ ಮುಂಚೆ ಸೀಲ್ ಇರೋ ಸಿಲಬಸ್ ಒಂದು ಕಾಪಿ ತೆಗೆದಿಟ್ಕೊಳ್ಳಿ. ವಿಶ್ವವಿದ್ಯಾಲಯದೋರು ಹಳೇ ಸ್ಕೀಮುಗಳನ್ನೆಲ್ಲಾ ವರ್ಷವಾರು ಸ್ಕ್ಯಾನ್ ಮಾಡಿ ವೆಬ್‌ಸೈಟಲ್ಲಿ ಹಾಕಿದ್ರೆ ದೊಡ್ಡ ಖರ್ಚೇನೂ ಆಗಲ್ಲ.

ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಈ ವಿಷಯ ಒಂದ್ಸಲ ವಿವರವಾಗಿ ಬರೆಸಿ ಸಾರ್, ಯುಕೆಯಲ್ಲಿ ರಿಜಿಸ್ಟರ್ ಆಗಿ ಕೆಲಸ ಮಾಡ್ತಿರೋ ನಮ್ಮ ಕನ್ನಡದೋರು ಇದ್ದೇ ಇರ್ತಾರೆ, ಅವರ ಕೈಲೇ ಬರೆಸಿದ್ರೆ ಇನ್ನೂ ಒಳ್ಳೇದು. ಅದೇ ಪುಟದ ಕೆಳಗೆ ಕನ್ಸಲ್ಟೆನ್ಸಿ ಜಾಹೀರಾತು ಬರೋದು ನಿಲ್ಲಿಸಿ ಅಂತ ಹೇಳೋಕೆ ನನಗೆ ಹಕ್ಕಿಲ್ಲ, ಪತ್ರಿಕೆ ನಡೀಬೇಕಲ್ಲ. ಆದ್ರೆ ಜಾಹೀರಾತಲ್ಲಿ ಆಸ್ಪತ್ರೆ ಕೆಲಸ ಅಂತ ಹಾಕಿದ್ರೆ, ಈ ಕೋರ್ಸಿಂದ ರಿಜಿಸ್ಟ್ರೇಶನ್ ಸಿಗುತ್ತೋ ಇಲ್ವೋ ಅಂತ ಒಂದು ಸಾಲು ಹಾಕ್ಲೇಬೇಕು ಅಂತ ನೀವು ಅವರನ್ನ ಕೇಳಬಹುದು.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ